ಹಿಮ ಬಿಟ್ಟುಹೋದ ಕಲ್ಲಿನ ಗೆರೆಗಳು

ನಮ್ಮ ಫೋರ್ ಎಸ್ ರ್ಯಾಂಚಿನಲ್ಲಿ ಐಸ್ ಅಂದ್ರೆ ಫ್ರಿಜ್ಜಿನೊಳಗಿನದ್ದೇ! ಆದ್ರೆ ಇಲ್ಲಿಂದ ಉತ್ತರಕ್ಕೆ ಎರಡು-ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಸಿಗುವ ಸ್ಯಾನ್ ಬರ್ನಾರ್ಡಿನೋ ಬೆಟ್ಟಗಳಲ್ಲಿ ಹಿಂದೆ ಹಿಮನದಿಗಳಿದ್ದವು ಅಂದ್ರೆ ನಂಬ್ತೀರಾ?

ಸಾಕ್ಷಿ ಅಲ್ಲೇ ಇದೆ. 3,506 ಮೀಟರ್ ಎತ್ತರದ ಸ್ಯಾನ್ ಗೊರ್ಗೋನಿಯೋ ಶಿಖರದ ಉತ್ತರದ ಮಗ್ಗುಲಲ್ಲಿ ಬಿಲ್ಲಿನಂತೆ ಬಾಗಿದ ಕಲ್ಲು-ಮಣ್ಣಿನ ದಿಬ್ಬಗಳಿವೆ. ಇವೇ ಮೊರೇನ್‌ಗಳು. ಹಿಮನದಿ ತಾನು ಹೊತ್ತು ತಂದ ಕಲ್ಲನ್ನೆಲ್ಲ ತುದಿಯಲ್ಲಿ ಸುರಿಯುತ್ತೆ. ಸರಸರ ಹಿಂದೆ ಸರಿದರೆ ಕಲ್ಲು ಚೆಲ್ಲಾಪಿಲ್ಲಿ. ಒಂದೇ ಕಡೆ ಬಹಳ ಕಾಲ ನಿಂತರೆ ದಿಬ್ಬ. ನೆರೆ ಇಳಿದ ಹೊಳೆಯ ದಡದಲ್ಲಿ ಕಸದ ಗೆರೆ ಉಳಿಯುತ್ತಲ್ಲ, ಹಾಗೇ.

ವಯಸ್ಸು ತಿಳಿಯೋದು ಹೇಗೆ? ಹಿಮದಿಂದ ಹೊರಬಿದ್ದ ಬಂಡೆಗೆ ವಿಶ್ವಕಿರಣ ತಾಗಿ, ಅದರ ಕ್ವಾರ್ಟ್ಜ್‌ನಲ್ಲಿ ಬೆರಿಲಿಯಂ-10 ಕೂಡುತ್ತಾ ಹೋಗುತ್ತೆ. ಅದನ್ನು ಅಳೆದು ಲೂಯಿಸ್ ಓವೆನ್ ಮತ್ತು ಸಂಗಡಿಗರು 2003ರಲ್ಲಿ ಲೆಕ್ಕ ಕೊಟ್ಟರು: ಹಳೆಯ ದಿಬ್ಬಗಳು ಸುಮಾರು 20–18 ಸಾವಿರ ವರ್ಷದವು, ಆಮೇಲಿನವು 16–15 ಸಾವಿರ, ನಂತರ 13–12 ಸಾವಿರ. ಅಂದ್ರೆ ಹಿಮ ಒಂದೇ ಓಟದಲ್ಲಿ ಹೋಗಲಿಲ್ಲ, ನಿಂತು ನಿಂತು ಹೋಯ್ತು.

ಇದು ಬೆಟ್ಟದ ಚಿಕ್ಕ ಹಿಮ. ಅರ್ಧ ಖಂಡವನ್ನೇ ಹೊದ್ದಿದ್ದ ದೊಡ್ಡ ಹಿಮಹಾಸಿನ ದಾರಿ ಹುಡುಕೋದೂ ಹೀಗೇ. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಉದ್ದನೆಯ ದಿಬ್ಬಗಳು ಅದರ ಅಂಚಿನವು.

ಗಂಗೋತ್ರಿ ಯಾತ್ರೆಗೆ ಹೋದರೆ ಗೋಮುಖದ ಕೆಳಗಿನ ಕಲ್ಲುರಾಶಿಗಳನ್ನೂ ಒಮ್ಮೆ ನೋಡಿ. ಅಲ್ಲಿ ಹಿಮ ಇಂದಿಗೂ ಹಿಂದೆ ಸರಿಯುತ್ತಿದೆ. ಇಲ್ಲಿ ಮುಗಿದುಹೋದ ಕಥೆ ಅಲ್ಲಿನ್ನೂ ನಡೀತಾ ಇದೆ.