ಅತಿಸೂಕ್ಷ್ಮ ತಯಾರಿಕೆಯಲ್ಲಿ ರಾಷ್ಟ್ರಗಳ ಸಹಕಾರ

ಒಂದು ಮೀಟರನ್ನು ನೂರು ಕೋಟಿ ಸಮಭಾಗಗಳಾಗಿ ವಿಭಾಗಿಸಿದರೆ ದೊರೆಯುವ ಒಂದು ಭಾಗವೇ ನ್ಯಾನೊಮೀಟರ್. ನಮ್ಮ ತಲೆಗೂದಲಿನ ಒಂದು ಎಳೆಯ ದಪ್ಪವೇ ಸುಮಾರು 80,000 ನ್ಯಾನೊಮೀಟರುಗಳಷ್ಟಿರುತ್ತದೆ ಎಂದರೆ ಈ ಮಾನವು ಎಷ್ಟು ಸೂಕ್ಷ್ಮವಾದುದೆಂದು ಊಹಿಸಬಹುದು. ಇಂತಹ ಅಳತೆಯಲ್ಲಿ ವಸ್ತುಗಳನ್ನು ರೂಪಿಸುವ ವಿದ್ಯೆಯೇ ನ್ಯಾನೊ ತಯಾರಿಕೆ.

ಈ ವಿದ್ಯೆಯು ಯಾವುದೇ ಒಂದು ದೇಶದಲ್ಲಿ ಹುಟ್ಟಿ ಬೆಳೆದುದಲ್ಲ. ಪರಮಾಣುಗಳ ಮಟ್ಟದಲ್ಲಿ ವಸ್ತುಗಳನ್ನು ಜೋಡಿಸಬಹುದೆಂಬ ವಿಚಾರವನ್ನು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1959ರಲ್ಲಿ ಮಂಡಿಸಿದರು. ‘ನ್ಯಾನೊ ತಂತ್ರಜ್ಞಾನ’ ಎಂಬ ಹೆಸರನ್ನು 1974ರಲ್ಲಿ ಬಳಕೆಗೆ ತಂದವರು ಜಪಾನಿನ ನೊರಿಯೊ ತನಿಗುಚಿ. ಪರಮಾಣುಗಳನ್ನು ಒಂದೊಂದಾಗಿ ತೋರಿಸಬಲ್ಲ ಸೂಕ್ಷ್ಮದರ್ಶಕವನ್ನು 1981ರಲ್ಲಿ ಜ್ಯೂರಿಕ್ ಬಳಿ ನಿರ್ಮಿಸಿದವರು ಜರ್ಮನಿಯ ಗೆರ್ಡ್ ಬಿನ್ನಿಗ್ ಹಾಗೂ ಸ್ವಿಟ್ಜರ್ಲೆಂಡಿನ ಹೈನ್ರಿಕ್ ರೋರರ್. ಮೂರು ಖಂಡಗಳ ಚಿಂತನೆ ಹೀಗೆ ಒಂದೆಡೆ ಕೂಡಿತು.

ಸಹಕಾರದ ಅಗತ್ಯವನ್ನು ಒಂದು ಯಂತ್ರದ ಕಥೆಯಿಂದ ಚೆನ್ನಾಗಿ ತಿಳಿಯಬಹುದು. ಗಣಕಯಂತ್ರದ ಸಿಲಿಕಾನ್ ಚಿಪ್ಪಿನ ಮೇಲೆ ವಿದ್ಯುತ್ ಮಂಡಲಗಳನ್ನು ಬೆಳಕಿನಿಂದ ಅಚ್ಚು ಮಾಡುತ್ತಾರೆ. ಮೊಂಡು ಲೇಖನಿಯಿಂದ ಸಣ್ಣ ಅಕ್ಷರಗಳನ್ನು ಬರೆಯಲಾಗದಂತೆ, ದೀರ್ಘ ತರಂಗದೂರದ ಬೆಳಕಿನಿಂದ ಅತಿ ನವಿರಾದ ಗೆರೆಗಳನ್ನು ಮೂಡಿಸುವುದು ಕಷ್ಟ. ಆದುದರಿಂದ 13.5 ನ್ಯಾನೊಮೀಟರ್ ತರಂಗದೂರದ ನೇರಳಾತೀತ ಕಿರಣಗಳನ್ನು ಬಳಸಲಾಗುತ್ತದೆ. ಕರಗಿದ ತವರದ ಹನಿಗಳನ್ನು ಸೆಕೆಂಡಿಗೆ ಸುಮಾರು 50,000 ಬಾರಿ ಲೇಸರಿನಿಂದ ಹೊಡೆದು ಈ ಕಿರಣಗಳನ್ನು ಪಡೆಯುತ್ತಾರೆ. ಗಾಳಿಯೂ ಗಾಜೂ ಇವನ್ನು ಹೀರಿಬಿಡುವುದರಿಂದ, ಕೆಲಸವೆಲ್ಲವೂ ನಿರ್ವಾತದಲ್ಲಿ, ಮಸೂರಗಳಿಗೆ ಬದಲಾಗಿ ದರ್ಪಣಗಳ ನೆರವಿನಿಂದ ನಡೆಯಬೇಕು.

ಈ ವಿಧಾನದ ಮೊದಲ ಪ್ರಯೋಗಗಳು 1980ರ ದಶಕದಲ್ಲಿ ಜಪಾನಿನಲ್ಲಿ ನಡೆದವು. ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳು ಅದನ್ನು ಮುಂದುವರಿಸಿದವು. ದರ್ಪಣ ಮತ್ತು ಲೇಸರುಗಳನ್ನು ಜರ್ಮನಿಯೂ ಬೆಳಕಿನ ಆಕರವನ್ನು ಅಮೆರಿಕವೂ ಒದಗಿಸಿದವು. ಬೆಲ್ಜಿಯಮ್ಮಿನ ಲೂವೆನ್ ನಗರದಲ್ಲಿ 1984ರಲ್ಲಿ ಸ್ಥಾಪಿತವಾದ ಐಮೆಕ್ ಸಂಸ್ಥೆಯಲ್ಲಿ ಅನೇಕ ದೇಶಗಳ ತಂತ್ರಜ್ಞರು ಕೂಡಿ ಪರೀಕ್ಷೆ ನಡೆಸಿದರು. ಇವೆಲ್ಲವನ್ನೂ ಒಂದುಗೂಡಿಸಿ ಯಂತ್ರವನ್ನು ಸಿದ್ಧಪಡಿಸಿದ್ದು ನೆದರ್ಲೆಂಡ್ಸ್.

ಸಂಶೋಧನೆಯಂತೆಯೇ ಶಿಕ್ಷಣವೂ ಗಡಿಗಳನ್ನು ದಾಟಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಆರಂಭವಾದ ‘ನ್ಯಾನೊಹಬ್’ ಎಂಬ ವ್ಯವಸ್ಥೆಯ ಮೂಲಕ ಯಾವ ದೇಶದ ವಿದ್ಯಾರ್ಥಿಯಾದರೂ ಹಣ ತೆರದೆ ಗಣಕಯಂತ್ರದಲ್ಲಿ ಪ್ರಯೋಗಗಳನ್ನು ನಡೆಸಬಹುದು. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು ಬ್ರಾಗಾ ನಗರದಲ್ಲಿ ಜಂಟಿ ಪ್ರಯೋಗಾಲಯವನ್ನು ಕಟ್ಟಿವೆ. ಭಾರತ ಸರ್ಕಾರವು 2007ರಲ್ಲಿ ನ್ಯಾನೊ ಅಭಿಯಾನವನ್ನು ಕೈಗೊಂಡಿತು. ಮರುವರ್ಷ ಆರಂಭವಾದ ಯೋಜನೆಯೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಮುಂಬಯಿಯ ಐ.ಐ.ಟಿ.ಗಳ ದುಬಾರಿ ಉಪಕರಣಗಳನ್ನು ದೇಶದ ಇತರ ಕಾಲೇಜುಗಳ ಸಂಶೋಧಕರಿಗೂ ತೆರೆಯಿತು.

ಆದರೆ ಸಹಕಾರದ ಹಾದಿ ಸುಗಮವೇನೂ ಅಲ್ಲ. ಜ್ಞಾನವು ಬಲದ ಮೂಲವೂ ಆಗಿರುವುದರಿಂದ ರಾಷ್ಟ್ರಗಳು ಅದನ್ನು ಬಚ್ಚಿಡುವುದೂ ಉಂಟು. ಮೇಲೆ ಹೇಳಿದ ಯಂತ್ರವನ್ನು ಚೀನಾಕ್ಕೆ ಮಾರಲು ಅನುಮತಿ ದೊರೆತಿಲ್ಲ. ಹಾಗಿದ್ದರೂ ಕೆಲವು ಸಮಸ್ಯೆಗಳನ್ನು ಯಾರೂ ಒಂಟಿಯಾಗಿ ಬಿಡಿಸಲಾರರು. ಉಸಿರಿನೊಡನೆ ಒಳಸೇರುವ ನ್ಯಾನೊ ಕಣಗಳು ಕಾರ್ಮಿಕರ ಶ್ವಾಸಕೋಶಗಳಿಗೆ ಹಾನಿಮಾಡಬಲ್ಲವೇ ಎಂಬ ಪ್ರಶ್ನೆ ಅಂತಹುದು. 2006ರಿಂದ ಹಲವು ದೇಶಗಳು ಕೂಡಿ ಇದನ್ನು ಪರಿಶೀಲಿಸುತ್ತಿವೆ. ಧೂಳಿಗೆ ಗಡಿಯಿಲ್ಲ, ಅದರಿಂದ ಕಾಪಾಡುವ ತಿಳಿವಿಗೂ ಗಡಿಯಿರಬಾರದು.