ಕೈಯಿಂದ ಕಾರು ತೊಳೆಯುವ ಉದ್ಯಮ (ಯುನೈಟೆಡ್ ಕಿಂಗ್‌ಡಮ್)

ಕೈಯಿಂದ ಕಾರು ತೊಳೆಯುವ ಉದ್ಯಮ (ಹ್ಯಾಂಡ್ ಕಾರ್ ವಾಷ್) ಎಂಬುದು ಉರುಳುವ ಬ್ರಷ್‌ಗಳ ಸ್ವಯಂಚಾಲಿತ ಯಂತ್ರವನ್ನು ಬಳಸದೆ, ಕೆಲಸಗಾರರ ತಂಡವೊಂದು ನೀರಿನ ಪೈಪು, ಸ್ಪಂಜು ಹಾಗೂ ಒರೆಸುವ ಬಟ್ಟೆಗಳಿಂದ ವಾಹನಗಳನ್ನು ಶುಚಿಗೊಳಿಸಿಕೊಡುವ ವ್ಯಾಪಾರವಾಗಿದೆ. ಯುನೈಟೆಡ್ ಕಿಂಗ್‌ಡಮ್‌ನಲ್ಲಿ ಇದು 2004ರ ನಂತರ ವೇಗವಾಗಿ ಹರಡಿತು. ಇಂತಹ ಕೇಂದ್ರಗಳ ಸಂಖ್ಯೆ 10,000ದಿಂದ 20,000ದವರೆಗೆ ಇರಬಹುದೆಂಬ ಅಂದಾಜನ್ನು ಸಂಸತ್ತಿನ ಸಮಿತಿಯೊಂದು 2018ರಲ್ಲಿ ಉಲ್ಲೇಖಿಸಿತು. ಅಂದಾಜಿನ ಎರಡು ತುದಿಗಳ ನಡುವೆ ಇಷ್ಟು ಅಂತರವಿರಲು ಕಾರಣ ಸರಳವಾದದ್ದು: ಈ ವ್ಯಾಪಾರವನ್ನು ಆರಂಭಿಸಲು ಪ್ರತ್ಯೇಕ ಪರವಾನಗಿ ಬೇಕಿಲ್ಲ, ಆದ್ದರಿಂದ ಎಣಿಸಲು ಯಾವುದೇ ನೋಂದಣಿ ಪಟ್ಟಿಯೂ ಇಲ್ಲ. ಕಡಿಮೆ ಬಂಡವಾಳದ ಈ ಉದ್ಯಮವು ಕನಿಷ್ಠ ವೇತನದ ಉಲ್ಲಂಘನೆ, ಅಸುರಕ್ಷಿತ ಕೆಲಸದ ಪರಿಸ್ಥಿತಿ ಮತ್ತು ಬಲವಂತದ ದುಡಿಮೆಯ ಕಾರಣಗಳಿಂದ ಸಾರ್ವಜನಿಕ ಚರ್ಚೆಗೆ ಒಳಗಾಗಿದೆ.

ಹಿನ್ನೆಲೆ

ಸಾಮಾನ್ಯವಾಗಿ ಯಂತ್ರವು ಬಂದಲ್ಲಿ ಕೈಕೆಲಸವು ಹಿಂದೆ ಸರಿಯುತ್ತದೆ. ಬ್ರಿಟನ್ನಿನ ಕಾರು ತೊಳೆಯುವ ವ್ಯಾಪಾರದಲ್ಲಿ ಇದಕ್ಕೆ ವ್ಯತಿರಿಕ್ತವಾದದ್ದು ನಡೆಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪೆಟ್ರೋಲ್ ಬಂಕುಗಳಲ್ಲಿ ಸ್ಥಾಪನೆಯಾದ ತೊಳೆಯುವ ಯಂತ್ರಗಳು 2000ದ ನಂತರ ಗಿರಾಕಿಗಳನ್ನು ಕಳೆದುಕೊಂಡವು. ಅವುಗಳ ಸ್ಥಾನವನ್ನು ಬಕೆಟ್ಟು ಹಿಡಿದ ಮನುಷ್ಯರು ತುಂಬಿದರು. ಕೂಲಿಯು ಯಂತ್ರದ ಖರ್ಚಿಗಿಂತ ಅಗ್ಗವಾದಾಗ ಮಾತ್ರ ಇಂತಹ ಹಿಮ್ಮುಖ ಚಲನೆ ಸಾಧ್ಯ. ಈ ಕಾರಣದಿಂದಲೇ ಚಿಕ್ಕದೆಂದು ತೋರುವ ಈ ವ್ಯಾಪಾರವು ಕಾರ್ಮಿಕ ವಿಷಯದ ಸಂಶೋಧಕರ ಗಮನ ಸೆಳೆದಿದೆ.

ಎರಡು ಬೆಳವಣಿಗೆಗಳು ಇದಕ್ಕೆ ಅನುಕೂಲ ಮಾಡಿಕೊಟ್ಟವು. ಮೊದಲನೆಯದು ಜಾಗ. 1960ರ ದಶಕದ ಕೊನೆಯಲ್ಲಿ 40,000ದ ಆಸುಪಾಸಿನಲ್ಲಿದ್ದ ಪೆಟ್ರೋಲ್ ಬಂಕುಗಳ ಸಂಖ್ಯೆ ಈಗ ಸುಮಾರು 8,400ಕ್ಕೆ ಇಳಿದಿದೆ. ಮುಚ್ಚಿದ ಬಂಕುಗಳ ಕಾಂಕ್ರೀಟು ನೆಲ, ಮೇಲ್ಛಾವಣಿ ಮತ್ತು ರಸ್ತೆಗೆ ತೆರೆದ ಎರಡು ದಾರಿಗಳು ಕಾರು ತೊಳೆಯಲು ಹೇಳಿ ಮಾಡಿಸಿದಂತಿದ್ದವು. ವ್ಯಾಪಾರ ನಿಂತ ಪಬ್‌ಗಳ ಅಂಗಳ ಹಾಗೂ ಸೂಪರ್‌ಮಾರ್ಕೆಟ್‌ಗಳ ವಾಹನ ನಿಲುಗಡೆಯ ಜಾಗಗಳೂ ಇದಕ್ಕೆ ಬಳಕೆಯಾದವು. ಎರಡನೆಯದು ವಲಸೆ. 2004ರಲ್ಲಿ ಪೂರ್ವ ಯುರೋಪಿನ ಎಂಟು ದೇಶಗಳು ಐರೋಪ್ಯ ಒಕ್ಕೂಟವನ್ನು ಸೇರಿದವು; 2007ರಲ್ಲಿ ರೊಮೇನಿಯಾ ಮತ್ತು ಬಲ್ಗೇರಿಯಾ ಸೇರಿದವು. ಈ ಎರಡು ದೇಶಗಳ ಪ್ರಜೆಗಳಿಗೆ 2014ರ ಜನವರಿ 1ರವರೆಗೆ ಬ್ರಿಟನ್ನಿನಲ್ಲಿ ನೌಕರಿಗೆ ನಿರ್ಬಂಧಗಳಿದ್ದವು, ಆದರೆ ಸ್ವಯಂ ಉದ್ಯೋಗಕ್ಕೆ ಅಡ್ಡಿಯಿರಲಿಲ್ಲ. ಇತರರ ಕೈಕೆಳಗೆ ದುಡಿಯುವವರನ್ನೂ ‘ಸ್ವಯಂ ಉದ್ಯೋಗಿ’ ಎಂದು ಕಾಗದದಲ್ಲಿ ತೋರಿಸುವ ರೂಢಿಗೆ ಈ ನಿಯಮವು ದಾರಿ ಮಾಡಿಕೊಟ್ಟಿತು. ಅಲ್ಬೇನಿಯಾದಿಂದ ಬಂದವರೂ ಇರಾಕಿನ ಕುರ್ದ್ ಜನರೂ ಈ ಕೆಲಸದಲ್ಲಿ ಗಣನೀಯವಾಗಿ ತೊಡಗಿದ್ದಾರೆ.

ಆರಂಭಿಸುವ ವಿಧಾನ

ಒತ್ತಡದಿಂದ ನೀರು ಚಿಮ್ಮಿಸುವ ಯಂತ್ರ, ವ್ಯಾಕ್ಯೂಮ್ ಕ್ಲೀನರ್, ಸಾಬೂನು ದ್ರಾವಣ ಮತ್ತು ಗುತ್ತಿಗೆಗೆ ಹಿಡಿದ ಒಂದು ಅಂಗಳ ಇವಿಷ್ಟಿದ್ದರೆ ಕೆಲಸ ಶುರುವಾಗುತ್ತದೆ. ಪ್ರತ್ಯೇಕ ಪರವಾನಗಿ ಇಲ್ಲವೆಂದ ಮಾತ್ರಕ್ಕೆ ಕಾನೂನು ಇಲ್ಲವೆಂದಲ್ಲ. ಕಾನೂನುಗಳು ಹಲವಾರಿವೆ, ಆದರೆ ಬೇರೆ ಬೇರೆ ಕಚೇರಿಗಳಲ್ಲಿ ಹಂಚಿಹೋಗಿವೆ. ಇಂಗ್ಲೆಂಡಿನಲ್ಲಿ ಕಾರು ತೊಳೆಯುವ ಜಾಗವು ನಗರ ಯೋಜನೆಯ ಯಾವ ಸಿದ್ಧ ವರ್ಗಕ್ಕೂ ಸೇರುವುದಿಲ್ಲವಾದ್ದರಿಂದ, ಬೇರೆ ಬಳಕೆಯಲ್ಲಿದ್ದ ಜಾಗವನ್ನು ಇದಕ್ಕೆ ಬದಲಿಸಲು ಸಾಮಾನ್ಯವಾಗಿ ಸ್ಥಳೀಯ ಆಡಳಿತದ ಅನುಮತಿ ಪಡೆಯಬೇಕಾಗುತ್ತದೆ.

ಹೆಚ್ಚು ತೊಡಕಿನದು ಕೊಳೆ ನೀರಿನ ವಿಷಯ. ರಸ್ತೆಬದಿಯ ಮಳೆನೀರಿನ ಚರಂಡಿಯು ಅನೇಕ ಕಡೆ ನೇರವಾಗಿ ಹಳ್ಳ ಅಥವಾ ನದಿಗೆ ಸೇರುತ್ತದೆ. ಮಾರ್ಜಕ, ಎಣ್ಣೆ ಮತ್ತು ಬ್ರೇಕಿನ ಪುಡಿ ಬೆರೆತ ನೀರನ್ನು ಅದಕ್ಕೆ ಬಿಡುವುದು ಮಾಲಿನ್ಯದ ಅಪರಾಧವಾಗುತ್ತದೆ. ಆ ನೀರನ್ನು ಒಳಚರಂಡಿಗೆ ಹರಿಸಬೇಕಾದರೆ 1991ರ ಜಲ ಉದ್ಯಮ ಕಾಯ್ದೆಯ ಪ್ರಕಾರ ಆ ಪ್ರದೇಶದ ಒಳಚರಂಡಿ ಕಂಪನಿಯ ಒಪ್ಪಿಗೆ ಬೇಕು. ಎಣ್ಣೆ ಮತ್ತು ಹೂಳನ್ನು ಬೇರ್ಪಡಿಸುವ ನೆಲದಡಿಯ ತೊಟ್ಟಿಗೆ ತಗಲುವ ವೆಚ್ಚವು ಉಳಿದೆಲ್ಲ ಸಲಕರಣೆಗಳ ವೆಚ್ಚವನ್ನು ಮೀರಬಹುದು.

ಕೆಲಸಗಾರರನ್ನು ನೇಮಿಸಿಕೊಂಡ ಕೂಡಲೇ ಮಾಲೀಕನ ಹೊಣೆಗಳು ಹೆಚ್ಚುತ್ತವೆ. ತೆರಿಗೆ ಇಲಾಖೆಯಲ್ಲಿ ಉದ್ಯೋಗದಾತನಾಗಿ ನೋಂದಾಯಿಸಿಕೊಳ್ಳಬೇಕು. 1969ರ ಕಾಯ್ದೆಯಂತೆ ಕನಿಷ್ಠ 50 ಲಕ್ಷ ಪೌಂಡುಗಳ ಉದ್ಯೋಗದಾತರ ಹೊಣೆಗಾರಿಕೆ ವಿಮೆ ಮಾಡಿಸಬೇಕು. ಪ್ರತಿಯೊಬ್ಬರಿಗೂ ಆ ದೇಶದಲ್ಲಿ ದುಡಿಯುವ ಹಕ್ಕಿದೆಯೇ ಎಂಬುದನ್ನು ಪರಿಶೀಲಿಸಬೇಕು. ಹಕ್ಕಿಲ್ಲದವರನ್ನು ನೇಮಿಸಿದ ಮೊದಲ ತಪ್ಪಿಗೆ ತಲಾ 45,000 ಪೌಂಡುಗಳವರೆಗೆ ದಂಡ ಬೀಳಬಹುದೆಂದು 2024ರ ಫೆಬ್ರುವರಿಯಿಂದ ನಿಗದಿಯಾಗಿದೆ. 2019ರ ಏಪ್ರಿಲ್‌ನಿಂದ ಎಲ್ಲ ಕೆಲಸಗಾರರಿಗೂ ವೇತನ ಚೀಟಿ ಪಡೆಯುವ ಹಕ್ಕಿದೆ. 2020ರ ಏಪ್ರಿಲ್‌ನಿಂದ ಕೆಲಸದ ಷರತ್ತುಗಳನ್ನು ಮೊದಲ ದಿನವೇ ಬರಹದಲ್ಲಿ ಕೊಡಬೇಕು. ವರ್ಷಕ್ಕೆ 5.6 ವಾರಗಳ ಸಂಬಳ ಸಹಿತ ರಜೆಯೂ ಕಾನೂನಿನ ಭಾಗವಾಗಿದೆ. ಪರವಾನಗಿ ವ್ಯವಸ್ಥೆ ಇಲ್ಲದಿರುವುದರಿಂದ ಇವುಗಳಲ್ಲಿ ಒಂದನ್ನೂ ಪಾಲಿಸದವನೂ ಮರುದಿನವೇ ಅಂಗಳ ತೆರೆಯಬಲ್ಲನು, ಎಲ್ಲವನ್ನೂ ಪಾಲಿಸಿದವನು ಅವನ ದರದೊಡನೆ ಸ್ಪರ್ಧಿಸಬೇಕಾಗುತ್ತದೆ.

ದರದ ಲೆಕ್ಕ

2018ರ ಸುಮಾರಿಗೆ ಹೊರಮೈ ತೊಳೆಯಲು 5 ಪೌಂಡ್ ಎಂಬ ಫಲಕ ಅನೇಕ ಊರುಗಳಲ್ಲಿ ಕಾಣುತ್ತಿತ್ತು. ಆ ವರ್ಷದ ಏಪ್ರಿಲ್‌ನಿಂದ 25 ವರ್ಷ ತುಂಬಿದವರಿಗೆ ಗಂಟೆಗೆ 7.83 ಪೌಂಡ್ ಕನಿಷ್ಠ ವೇತನ ಜಾರಿಯಲ್ಲಿತ್ತು. ನಾಲ್ವರು ಸೇರಿ ಒಂದು ಕಾರನ್ನು ಹತ್ತು ನಿಮಿಷ ತೊಳೆದರೆ ಒಟ್ಟು ನಲವತ್ತು ನಿಮಿಷಗಳ ದುಡಿಮೆಯಾಗುತ್ತದೆ. ಅದರ ಕನಿಷ್ಠ ಕೂಲಿಯೇ 5.22 ಪೌಂಡ್. ನೀರು, ಸಾಬೂನು, ಬಾಡಿಗೆ, ವಿಮೆ ಮತ್ತು ಗಿರಾಕಿ ಬಾರದ ಮಳೆಗಾಲದ ಗಂಟೆಗಳ ಕೂಲಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ವಾರ್ಷಿಕ ವಹಿವಾಟು ಆಗಿನ 85,000 ಪೌಂಡುಗಳ ಮಿತಿಯನ್ನು ದಾಟಿದರೆ ಪ್ರತಿ 5 ಪೌಂಡಿನಲ್ಲಿ ಸುಮಾರು 83 ಪೆನ್ಸ್ ಮೌಲ್ಯವರ್ಧಿತ ತೆರಿಗೆಗೆ ಹೋಗಬೇಕು. ಕೈಗಳು ಕಡಿಮೆಯಿದ್ದು ಕೆಲಸ ಚುರುಕಾಗಿದ್ದಲ್ಲಿ, ಅಥವಾ ಒಳಭಾಗದ ಶುಚಿ ಮತ್ತು ಪಾಲಿಷ್‌ನಂತಹ ದುಬಾರಿ ಸೇವೆಗಳಿದ್ದಲ್ಲಿ ಲೆಕ್ಕ ಕೂಡಬಹುದು. ಹಾಗಿಲ್ಲದ ಕಡೆ ಕೊರತೆಯನ್ನು ತುಂಬಿಕೊಡುವವನು ಕೆಲಸಗಾರನೇ.

ಕಾರ್ಮಿಕರ ಸ್ಥಿತಿ

ವರದಿಯಾಗಿರುವ ಶೋಷಣೆಯಲ್ಲಿ ಹಲವು ಮಟ್ಟಗಳಿವೆ. ಎಲ್ಲ ಕೇಂದ್ರಗಳನ್ನೂ ಗುಲಾಮಗಿರಿಯ ತಾಣಗಳೆಂದು ಕರೆಯುವುದು ಸರಿಯಲ್ಲ. ಹೆಚ್ಚು ಸಾಮಾನ್ಯವಾದದ್ದು ದಿನಗೂಲಿಯನ್ನು ನಗದಾಗಿ ಕೊಟ್ಟು ಗಂಟೆಗಳ ದಾಖಲೆ ಇಡದಿರುವುದು. ಹತ್ತು ಗಂಟೆಗಳ ದಿನಕ್ಕೆ ನಿಗದಿ ಮೊತ್ತ ಕೊಟ್ಟಾಗ ಗಂಟೆಯ ದರ ಕನಿಷ್ಠ ವೇತನಕ್ಕಿಂತ ಕೆಳಗಿಳಿದರೂ ಅದನ್ನು ರುಜುವಾತು ಮಾಡಲು ಕಾಗದವಿರುವುದಿಲ್ಲ. ಬೂಟು, ಮೇಲಂಗಿಗಳ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವುದು, ಮಾಲೀಕನೇ ಕೊಟ್ಟ ಕೋಣೆಗೆ ಮಿತಿಮೀರಿದ ಬಾಡಿಗೆ ಹಾಕುವುದು ಇದರ ಮುಂದಿನ ಹಂತಗಳು. ಪ್ರಯಾಣದ ಸಾಲವನ್ನು ತೀರಿಸುವವರೆಗೆ ಬಿಡುಗಡೆಯಿಲ್ಲವೆನ್ನುವುದು, ಗುರುತಿನ ಪತ್ರಗಳನ್ನು ಇಟ್ಟುಕೊಳ್ಳುವುದು ಕೊನೆಯ ಹಂತ. ಕನ್ನಡ ನಾಡಿನಲ್ಲಿ ಜೀತವೆಂದು ಪರಿಚಿತವಾದ ಸಾಲದ ಬಂಧನಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ದೇಹದ ಮೇಲಿನ ಪರಿಣಾಮಗಳೂ ಗಂಭೀರವಾಗಿವೆ. ಚಳಿಗಾಲದಲ್ಲಿ ಇಡೀ ದಿನ ಒದ್ದೆಯಾಗಿರುವ ಪಾದಗಳ ಚರ್ಮ ಕೆಡುತ್ತದೆ. ಗಾಲಿ ತೊಳೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ. ಅದು ಕೈಗವಸಿಲ್ಲದ ಕೈಗೆ ತಾಗಿದರೆ ಮೊದಲು ನೋವೇ ತಿಳಿಯದೆ ಒಳಗಿನ ಅಂಗಾಂಶವನ್ನು ಸುಡಬಲ್ಲದು. 2015ರಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ ರೊಮೇನಿಯಾದ ಕೆಲಸಗಾರರೊಬ್ಬರು ಮಾಲೀಕನು ಒದಗಿಸಿದ್ದ ವಸತಿಯಲ್ಲಿ ಸ್ನಾನ ಮಾಡುವಾಗ ವಿದ್ಯುತ್ ಆಘಾತದಿಂದ ಮೃತಪಟ್ಟರು. ತಂತಿ ವ್ಯವಸ್ಥೆ ಅಪಾಯಕಾರಿಯಾಗಿತ್ತು. ಮಾಲೀಕನು ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಅಪರಾಧವನ್ನು ಒಪ್ಪಿಕೊಂಡನು. 2017ರಲ್ಲಿ ಅವನಿಗೆ ನಾಲ್ಕು ವರ್ಷಗಳ ಸೆರೆವಾಸ ವಿಧಿಸಲಾಯಿತು.

ನಿಯಂತ್ರಣದ ಪ್ರಯತ್ನಗಳು

2004ರ ಫೆಬ್ರುವರಿಯಲ್ಲಿ ಮೋರ್ಕಂಬ್ ಕೊಲ್ಲಿಯಲ್ಲಿ ಚಿಪ್ಪುಜೀವಿ ಆಯುತ್ತಿದ್ದ 20ಕ್ಕೂ ಹೆಚ್ಚು ಚೀನೀ ವಲಸೆ ಕಾರ್ಮಿಕರು ಉಬ್ಬರದಲ್ಲಿ ಮುಳುಗಿ ಸತ್ತರು. ಅದೇ ವರ್ಷ ಬಂದ ಕಾಯ್ದೆಯು ಕೃಷಿ, ಚಿಪ್ಪುಜೀವಿ ಸಂಗ್ರಹ ಮತ್ತು ಸಂಬಂಧಿತ ಸಂಸ್ಕರಣೆಗೆ ಆಳುಗಳನ್ನು ಒದಗಿಸುವವರಿಗೆ ಪರವಾನಗಿ ಕಡ್ಡಾಯ ಮಾಡಿತು. ಈ ಕಾಯ್ದೆಯಡಿ ಹುಟ್ಟಿದ ಪ್ರಾಧಿಕಾರಕ್ಕೆ 2017ರಲ್ಲಿ ಎಲ್ಲ ಕ್ಷೇತ್ರಗಳಲ್ಲೂ ಶೋಷಣೆಯನ್ನು ತನಿಖೆ ಮಾಡುವ ಅಧಿಕಾರ ದೊರೆಯಿತು. ಆದರೆ ಕಾರು ತೊಳೆಯುವ ಕೇಂದ್ರಗಳಿಗೆ ಪರವಾನಗಿ ನೀಡುವ ಅಥವಾ ನಿರಾಕರಿಸುವ ಅಧಿಕಾರ ದೊರೆಯಲಿಲ್ಲ. 2015ರ ಆಧುನಿಕ ಗುಲಾಮಗಿರಿ ಕಾಯ್ದೆಯು ವಾರ್ಷಿಕ 3.6 ಕೋಟಿ ಪೌಂಡುಗಳಿಗೆ ಕಡಿಮೆಯಿಲ್ಲದ ವಹಿವಾಟಿನ ಸಂಸ್ಥೆಗಳಿಂದ ಮಾತ್ರ ವಾರ್ಷಿಕ ಹೇಳಿಕೆಯನ್ನು ಕೇಳುತ್ತದೆ. ಅಂಗಳದ ಮಾಲೀಕ ಇದರ ವ್ಯಾಪ್ತಿಗೆ ಬರುವುದಿಲ್ಲ, ಅವನಿಗೆ ಜಾಗ ಕೊಟ್ಟ ಸೂಪರ್‌ಮಾರ್ಕೆಟ್ ಬರುತ್ತದೆ.

2018ರ ಜೂನ್‌ನಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಮತ್ತು ಕ್ಯಾಥೊಲಿಕ್ ಚರ್ಚುಗಳು ಗಿರಾಕಿಗಳಿಗಾಗಿ ಮೊಬೈಲ್ ಆ್ಯಪ್ ಒಂದನ್ನು ಹೊರತಂದವು. ಕೆಲಸಗಾರರಿಗೆ ಕೈಗವಸು, ಬೂಟುಗಳಿವೆಯೇ, ಅವರು ಹೆದರಿದಂತೆ ಕಾಣುತ್ತಾರೆಯೇ ಎಂಬಂತಹ ಪ್ರಶ್ನೆಗಳಿಗೆ ಉತ್ತರಿಸಿದರೆ, ಸಂಶಯವಿದ್ದಲ್ಲಿ ಸಹಾಯವಾಣಿಗೆ ಕರೆ ಮಾಡಲು ಅದು ಸೂಚಿಸುತ್ತಿತ್ತು. ಆ ವರ್ಷದ ಡಿಸೆಂಬರ್‌ವರೆಗೆ ಬಂದ 2,271 ವರದಿಗಳಲ್ಲಿ 930ರಲ್ಲಿ ಇಂತಹ ಸೂಚನೆ ಬಂದಿತು. ಅದರಂತೆ ಕರೆ ಮಾಡಿದವರು ಕೆಲವರು ಮಾತ್ರ.

2018ರ ನವೆಂಬರ್‌ನಲ್ಲಿ ಹೌಸ್ ಆಫ್ ಕಾಮನ್ಸ್‌ನ ಪರಿಸರ ಲೆಕ್ಕಪರಿಶೋಧನಾ ಸಮಿತಿಯು ಪ್ರಾಯೋಗಿಕ ಪರವಾನಗಿ ಯೋಜನೆಯನ್ನು ಶಿಫಾರಸು ಮಾಡಿತು. ಕಾರ್ಮಿಕ ವಿಷಯವೊಂದು ಪರಿಸರ ಸಮಿತಿಯ ಮುಂದೆ ಬಂದದ್ದು ವಿಚಿತ್ರವೆನಿಸಬಹುದು. ವಿಚಾರಣೆ ಆರಂಭವಾದದ್ದು ಕೊಳೆ ನೀರಿನಿಂದ. ಸರ್ಕಾರವು ಪರವಾನಗಿಯ ಬದಲು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೂಪರ್‌ಮಾರ್ಕೆಟ್‌ಗಳ ಬೆಂಬಲದೊಡನೆ ಆರಂಭವಾಗಿದ್ದ ಸ್ವಯಂಪ್ರೇರಿತ ‘ಜವಾಬ್ದಾರಿಯುತ ಕಾರ್ ವಾಷ್ ಯೋಜನೆ’ಯತ್ತ ಒಲವು ತೋರಿತು. ಸ್ವಯಂಪ್ರೇರಿತ ಯೋಜನೆಗೆ ಸೇರುವವರು ಹೆಚ್ಚಾಗಿ ನಿಯಮ ಪಾಲಿಸಲು ಮೊದಲೇ ಸಿದ್ಧರಿರುವವರು ಎಂಬುದು ಇದರ ಮುಖ್ಯ ಮಿತಿಯಾಗಿದೆ.

ಕ್ಯಾಲಿಫೋರ್ನಿಯಾದ ಮಾದರಿ

ಕಡ್ಡಾಯ ನೋಂದಣಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವನ್ನು ಉದಾಹರಿಸಲಾಗುತ್ತದೆ. ಅಲ್ಲಿ 2003ರಲ್ಲಿ ಅಂಗೀಕೃತವಾದ ಕಾಯ್ದೆಯ ಪ್ರಕಾರ ಪ್ರತಿಯೊಂದು ಕಾರು ತೊಳೆಯುವ ಕೇಂದ್ರವೂ ರಾಜ್ಯದ ಕಾರ್ಮಿಕ ಆಯುಕ್ತರಲ್ಲಿ ನೋಂದಾಯಿಸಿಕೊಳ್ಳಬೇಕು. ಕೂಲಿ ಕೊಡದೆ ಮಾಲೀಕನು ಕೈಯೆತ್ತಿದರೆ ಕೆಲಸಗಾರರಿಗೆ ಬಾಕಿ ತೀರಿಸಲು ಪ್ರತ್ಯೇಕ ನಿಧಿಯಿದೆ. ಮಾಲೀಕನು ಸಲ್ಲಿಸಬೇಕಾದ ಖಾತರಿ ಬಾಂಡಿನ ಮೊತ್ತವನ್ನು 2014ರಿಂದ 15,000 ಡಾಲರ್‌ಗಳಿಂದ 1,50,000 ಡಾಲರ್‌ಗಳಿಗೆ ಏರಿಸಲಾಯಿತು. ಕಾರ್ಮಿಕ ಸಂಘದೊಡನೆ ನಿಗದಿತ ಷರತ್ತುಗಳ ಸಾಮೂಹಿಕ ಒಪ್ಪಂದ ಮಾಡಿಕೊಂಡ ಮಾಲೀಕರಿಗೆ ಈ ಬಾಂಡಿನಿಂದ ವಿನಾಯಿತಿಯಿದೆ. 2011ರಲ್ಲಿ ಸಾಂಟಾ ಮೋನಿಕಾದ ಕೇಂದ್ರವೊಂದರ ಕೆಲಸಗಾರರು ಉಕ್ಕು ಕಾರ್ಮಿಕರ ಸಂಘದ ಮೂಲಕ ಅಂತಹ ಒಪ್ಪಂದವನ್ನು ಪಡೆದಿದ್ದರು.