ಈಸ್ಟ್, ಮೊಟ್ಟೆ ಇಲ್ಲದೆ ಮನೆಯಲ್ಲೇ ಬ್ರೆಡ್ ಮತ್ತು ಬೇಕರಿ ರುಚಿಯ ಬಿಸ್ಕತ್ತು

ಅಂಗಡಿಯ ಬ್ರೆಡ್ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಅದು ಜೈನರ ಮನೆಗೆ ಆಗುತ್ತದೆಯೇ? ಅನೇಕ ಮನೆಗಳಲ್ಲಿ ಈ ಪ್ರಶ್ನೆ ಬರುತ್ತದೆ. ಶಾಲೆಗೆ ಹೋಗುವ ಮಕ್ಕಳು ಸ್ಯಾಂಡ್‌ವಿಚ್, ಬಿಸ್ಕತ್ತು ಕೇಳುತ್ತಾರೆ. ನಿಯಮ ಹಿಡಿದ ಅಜ್ಜ, ಅಜ್ಜಿ ಅದನ್ನು ಮುಟ್ಟುವುದಿಲ್ಲ. ಕೊನೆಗೆ ಒಂದೇ ಮನೆಯಲ್ಲಿ ಎರಡು ಬಗೆಯ ತಿಂಡಿ. ಎಲ್ಲರೂ ಜೊತೆಯಾಗಿ ಕುಳಿತು ತಿನ್ನಬಹುದಾದ ಬ್ರೆಡ್, ಬಿಸ್ಕತ್ತುಗಳನ್ನು ಮನೆಯಲ್ಲೇ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಸಿರು ಚುಕ್ಕೆ ಎಷ್ಟು ಹೇಳುತ್ತದೆ?

ನಮ್ಮ ದೇಶದ ಆಹಾರ ಕಾನೂನಿನ ಪ್ರಕಾರ ಮೊಟ್ಟೆ ಸೇರಿದ ಪದಾರ್ಥ ಮಾಂಸಾಹಾರದ ಪಟ್ಟಿಗೆ ಸೇರುತ್ತದೆ. ಆದ್ದರಿಂದ ಹಸಿರು ಚುಕ್ಕೆ ಇದ್ದಲ್ಲಿ ಮೊಟ್ಟೆ ಇರಬಾರದು. ಅಷ್ಟು ಭರವಸೆ ಅದು ಕೊಡುತ್ತದೆ. ಆದರೆ ಜೇನುತುಪ್ಪ, ಬೆಣ್ಣೆ, ಈಸ್ಟ್, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇವೆಲ್ಲ ಹಸಿರು ಚುಕ್ಕೆಯ ಕೆಳಗೇ ಬರುತ್ತವೆ. ಆ ಗುರುತು ಸಸ್ಯಾಹಾರವನ್ನು ತೋರಿಸುತ್ತದೆ, ಜೈನಾಹಾರವನ್ನಲ್ಲ. ಪೊಟ್ಟಣದ ಹಿಂದಿನ ಪದಾರ್ಥಗಳ ಪಟ್ಟಿಯನ್ನು ಓದಿಯೇ ತೀರ್ಮಾನಿಸಬೇಕು.

ಅಯ್ಯಂಗಾರ್ ಬೇಕರಿಗಳ ಬ್ರೆಡ್‌ನಲ್ಲಿ ಮೊಟ್ಟೆ ಇರುವುದಿಲ್ಲವೆಂದು ನಮ್ಮವರು ಅಲ್ಲಿ ಕೊಳ್ಳುವುದುಂಟು. ಮೊಟ್ಟೆಯ ಮಾತು ಸರಿಯೇ. ಆದರೆ ಆ ಬ್ರೆಡ್ ಉಬ್ಬುವುದು ಈಸ್ಟ್‌ನಿಂದ. ಈಸ್ಟ್ ಎಂದರೆ ಶಿಲೀಂಧ್ರ ಜಾತಿಯ ಏಕಕೋಶ ಜೀವಿ. ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು, ಲಕ್ಷಾಂತರವಾಗಿ ಬೆಳೆದು, ಅನಿಲವನ್ನೂ ಸ್ವಲ್ಪ ಮದ್ಯಸಾರವನ್ನೂ ಬಿಡುತ್ತದೆ. ಆಮೇಲೆ ಓವನ್ನಿನ ಬಿಸಿಗೆ ಅಷ್ಟೂ ಸಾಯುತ್ತವೆ. ಜೀವಿಗಳನ್ನು ಬೆಳೆಸಿ ಬೇಯಿಸುವ ಈ ಕ್ರಮವೇ ಬೇಡವೆಂದು ನಿಯಮ ಹಿಡಿದವರು ಬ್ರೆಡ್ ಬಿಡುತ್ತಾರೆ.

ಬ್ರೆಡ್ ಉಬ್ಬಲು ಬೇಕಾದುದು ಅನಿಲ

ಹಿಟ್ಟಿನೊಳಗೆ ಅನಿಲದ ಗುಳ್ಳೆಗಳು ಹುಟ್ಟಬೇಕು, ಬೇಯುವಾಗ ಅವು ಹಿಗ್ಗಬೇಕು. ಬ್ರೆಡ್ ಉಬ್ಬುವುದೆಂದರೆ ಇಷ್ಟೇ. ಆ ಅನಿಲವನ್ನು ಈಸ್ಟೇ ಕೊಡಬೇಕೆಂದಿಲ್ಲ. ಅಡುಗೆ ಸೋಡಾ ಹುಳಿಯ ಜೊತೆ ಸೇರಿದ ಕೂಡಲೇ ಅದೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಐರ್ಲೆಂಡ್ ದೇಶದಲ್ಲಿ 19ನೇ ಶತಮಾನದಿಂದ ಮನೆಮನೆಯಲ್ಲೂ ಮಾಡುವ ಸೋಡಾ ಬ್ರೆಡ್ ಇದೇ ತತ್ತ್ವದ್ದು. ಅದಕ್ಕೆ ಬೇಕಾದದ್ದು ಗೋಧಿ ಹಿಟ್ಟು, ಉಪ್ಪು, ಸೋಡಾ, ಮಜ್ಜಿಗೆ. ನಾಲ್ಕೂ ನಮ್ಮ ಅಡುಗೆ ಮನೆಯಲ್ಲಿ ಇರುವಂಥವೇ.

ಈ ಕ್ರಮದಲ್ಲಿ ಹಿಟ್ಟನ್ನು ಗಂಟೆಗಟ್ಟಲೆ ಹುದುಗಲು ಬಿಡುವಂತಿಲ್ಲ. ಸೋಡಾ ತಕ್ಷಣ ಕೆಲಸ ಶುರುಮಾಡುವುದರಿಂದ ಕಲಸಿದ ಹಿಟ್ಟು ಕೂಡಲೇ ಒಲೆಗೆ ಹೋಗಬೇಕು. ಹಿಟ್ಟನ್ನು ಕಲಸಿ ರಾತ್ರಿಯಿಡೀ ಇಡಬಾರದೆಂಬ ನಮ್ಮ ಪದ್ಧತಿಗೆ ಇದು ತಾನಾಗಿಯೇ ಹೊಂದುತ್ತದೆ.

ಪದಾರ್ಥಗಳನ್ನು ಆರಿಸುವಾಗ

ಹಿಟ್ಟು: ಹಿಟ್ಟಿನ ಕಾಲಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಎಂದು ಹಿರಿಯರು ಪಾಲಿಸುತ್ತಾರೆ. ಅಂಗಡಿ ಮೈದಾ ಬೀಸಿದ ದಿನ ನಮಗೆ ತಿಳಿಯುವುದಿಲ್ಲ. ಮರ್ಯಾದೆ ಪಾಲಿಸುವವರು ಮನೆಯ ಗೋಧಿಯನ್ನು ಬೀಸಿಸಿ, ನಯವಾದ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿದು ಬಳಸಬಹುದು. ಮುಂದೆ ಮೈದಾ ಎಂದು ಹೇಳಿರುವಲ್ಲೆಲ್ಲ ಈ ಹಿಟ್ಟು ನಡೆಯುತ್ತದೆ. ಬಣ್ಣ ಕಂದಾಗುತ್ತದೆ, ರುಚಿಗೆ ಕೊರತೆಯಿಲ್ಲ.

ಬೆಣ್ಣೆಯ ಬದಲು ತುಪ್ಪ: ನವನೀತ ನಮ್ಮಲ್ಲಿ ವರ್ಜ್ಯ. ತುಪ್ಪದಿಂದ ಬಿಸ್ಕತ್ತು ಇನ್ನೂ ಹಗುರಾಗಿ ಬರುತ್ತದೆ. ಬೆಣ್ಣೆಯಲ್ಲಿ ನೀರಿನಂಶ ಇರುತ್ತದೆ, ತುಪ್ಪದಲ್ಲಿ ಇರುವುದಿಲ್ಲ. ಹಾಗಾಗಿ ಬೇರೆ ಕಡೆ ಓದಿದ ವಿಧಾನದಲ್ಲಿ 100 ಗ್ರಾಂ ಬೆಣ್ಣೆ ಎಂದಿದ್ದರೆ 80 ಗ್ರಾಂ ತುಪ್ಪ ಸಾಕು.

ಮೊಸರು: ಹಾಲನ್ನು ಕಾಯಿಸಿ ಹೆಪ್ಪು ಹಾಕಿದ, ಒಂದು ದಿನ ಮೀರದ ಮೊಸರು ಇರಲಿ. ಅಂಥ ಮೊಸರು ಹೆಚ್ಚು ಹುಳಿ ಇರುವುದಿಲ್ಲ. ಸೋಡಾಕ್ಕೆ ಹುಳಿ ಸಾಲದಿದ್ದರೆ ಬ್ರೆಡ್ ಉಬ್ಬುವುದಿಲ್ಲ, ಸಾಬೂನಿನಂಥ ರುಚಿಯೂ ಬರುತ್ತದೆ. ಆದ್ದರಿಂದ ಒಂದು ಚಹಾ ಚಮಚ ನಿಂಬೆ ರಸ ಸೇರಿಸಬೇಕು. ವಿನೆಗರ್ ಹುದುಗಿಸಿ ಮಾಡಿದ್ದು, ಅದು ಬೇಡ.

ಪರಿಮಳ: ವೆನಿಲಾ ಎಸೆನ್ಸ್ ಸಾಮಾನ್ಯವಾಗಿ ಮದ್ಯಸಾರದಲ್ಲಿ ತಯಾರಾಗುತ್ತದೆ. ಏಲಕ್ಕಿ, ಜಾಯಿಕಾಯಿ, ಕೇಸರಿ ನಮಗೆ ಸಾಕು.

ದ್ವಿದಳದ ಎಚ್ಚರ: ನಾನ್ ಖಟಾಯಿಗೆ ಕಡಲೆ ಹಿಟ್ಟು ಹಾಕುತ್ತಾರೆ. ಮೃದುವಾಗಲೆಂದು ಕೆಲವರು ಅದಕ್ಕೆ ಮೊಸರನ್ನೂ ಸೇರಿಸುತ್ತಾರೆ. ಬೇಳೆಕಾಳಿನ ಹಿಟ್ಟಿನೊಡನೆ ಮೊಸರು ಸೇರಿದರೆ ದ್ವಿದಳ ದೋಷ. ಕಡಲೆ ಹಿಟ್ಟು ಇದ್ದರೆ ಮೊಸರು ಬೇಡ, ಮೊಸರು ಇದ್ದರೆ ಕಡಲೆ ಹಿಟ್ಟು ಬೇಡ. ಇದೊಂದನ್ನು ನೆನಪಿಟ್ಟರೆ ಸಾಕು.

1. ಗೋಧಿ ಸೋಡಾ ಬ್ರೆಡ್

ಬೇಕಾಗುವುದು: ಗೋಧಿ ಹಿಟ್ಟು 250 ಗ್ರಾಂ (ಸುಮಾರು 2 ಕಪ್), ಅಡುಗೆ ಸೋಡಾ ಅರ್ಧ ಚಹಾ ಚಮಚ, ಉಪ್ಪು ಅರ್ಧ ಚಹಾ ಚಮಚ, ಸಕ್ಕರೆ 1 ಚಹಾ ಚಮಚ, ತುಪ್ಪ 1 ದೊಡ್ಡ ಚಮಚ, ಮೊಸರು 150 ಮಿ.ಲೀ., ಸೋಸಿದ ನೀರು 50 ಮಿ.ಲೀ., ನಿಂಬೆ ರಸ 1 ಚಹಾ ಚಮಚ.

ಮೊದಲು ಓವನ್ನನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು 10 ನಿಮಿಷ ಕಾಯಲು ಬಿಡಿ. ಹಿಟ್ಟು, ಸೋಡಾ, ಉಪ್ಪು, ಸಕ್ಕರೆಯನ್ನು ಒಟ್ಟಿಗೆ ಜರಡಿ ಹಿಡಿದು ತುಪ್ಪವನ್ನು ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿ. ಮೊಸರು, ನೀರು, ನಿಂಬೆ ರಸವನ್ನು ಕದಡಿ ಒಮ್ಮೆಲೇ ಸುರಿದು, ಹಿಟ್ಟು ಒಂದಾಗುವಷ್ಟು ಮಾತ್ರ ಕಲಸಿ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ಸ್ವಲ್ಪ ಅಂಟುವಂತೆ ಇರಬೇಕು. ಹಿಟ್ಟು ಗಟ್ಟಿ ಎನಿಸಿದರೆ ಒಂದೆರಡು ಚಮಚ ನೀರು ಚಿಮುಕಿಸಿ. ಚಪಾತಿಗೆ ನಾದುವಂತೆ ನಾದಬೇಡಿ. ನಾದಿದಷ್ಟೂ ಗೋಧಿಯ ಜಿಗುಟು ಬಿಗಿಯಾಗಿ ಬ್ರೆಡ್ ಕಲ್ಲಿನಂತಾಗುತ್ತದೆ, ಅನಿಲವೂ ಹೊರಟುಹೋಗುತ್ತದೆ.

ತುಪ್ಪ ಸವರಿದ ಟ್ರೇಯ ಮೇಲೆ ಎರಡು ಅಂಗುಲ ದಪ್ಪದ ಉಂಡೆ ಮಾಡಿಟ್ಟು, ಚಾಕುವಿನಿಂದ ಮೇಲೆ ಆಳವಾಗಿ ಅಡ್ಡ, ಉದ್ದ ಗೀರಿ. ಈ ಗೀರಿನಿಂದ ಬಿಸಿ ಒಳಗಿನವರೆಗೆ ತಲುಪುತ್ತದೆ. 30 ರಿಂದ 35 ನಿಮಿಷ ಬೇಯಿಸಿ. ತಿರುಗಿಸಿ ತಳವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಶಬ್ದ ಬಂದರೆ ಬೆಂದಿದೆ ಎಂದರ್ಥ. ಅರ್ಧ ಗಂಟೆ ಆರಿದ ಮೇಲೆ ಕೊಯ್ಯಿರಿ.

ಇದು ಅಂಗಡಿ ಬ್ರೆಡ್‌ನ ಹಾಗೆ ಹತ್ತಿಯಂತೆ ಇರುವುದಿಲ್ಲ. ಸ್ವಲ್ಪ ಭಾರ, ಸ್ವಲ್ಪ ಉದುರು. ದಪ್ಪ ಹೋಳು ಮಾಡಿ ಕಾವಲಿಯ ಮೇಲೆ ತುಪ್ಪದಲ್ಲಿ ಕಾಯಿಸಿ, ಸೌತೆಕಾಯಿ, ಟೊಮೆಟೊ ಇಟ್ಟು ಕೊಟ್ಟರೆ ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ.

2. ಓವನ್ ಇಲ್ಲದವರಿಗೆ ಕಾವಲಿ ಬ್ರೆಡ್

ಐರ್ಲೆಂಡಿನ ಉತ್ತರ ಭಾಗದಲ್ಲಿ ಇದೇ ಹಿಟ್ಟನ್ನು ಕಾವಲಿಯ ಮೇಲೆ ಬೇಯಿಸುತ್ತಾರೆ. ಮೇಲಿನ ಹಿಟ್ಟನ್ನೇ ಅರ್ಧ ಅಂಗುಲ ದಪ್ಪದ ದುಂಡಾದ ರೊಟ್ಟಿಯಂತೆ ತಟ್ಟಿ ನಾಲ್ಕು ಭಾಗ ಮಾಡಿ. ದಪ್ಪ ತಳದ ಕಾವಲಿಗೆ ಒಣ ಹಿಟ್ಟು ಉದುರಿಸಿ, ಸಣ್ಣ ಉರಿಯಲ್ಲಿ ಒಂದೊಂದು ಬದಿಯನ್ನು 8 ನಿಮಿಷ ಬೇಯಿಸಿ. ಕೊನೆಗೆ ತುಂಡುಗಳನ್ನು ನಿಲ್ಲಿಸಿ ಅಂಚುಗಳನ್ನೂ ಕಾಯಿಸಿ. ಉರಿ ಜೋರಾದರೆ ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ. ಹೊಸದಾಗಿ ಕಲಿಯುವವರು ಇದರಿಂದಲೇ ಆರಂಭಿಸುವುದು ಸುಲಭ.

3. ತುಪ್ಪದ ಬಿಸ್ಕತ್ತು (ನಾನ್ ಖಟಾಯಿ)

ಬೇಕಾಗುವುದು: ಮೈದಾ 100 ಗ್ರಾಂ, ಕಡಲೆ ಹಿಟ್ಟು 25 ಗ್ರಾಂ, ಚಿರೋಟಿ ರವೆ 25 ಗ್ರಾಂ, ಪುಡಿ ಸಕ್ಕರೆ 75 ಗ್ರಾಂ, ಹೆಪ್ಪುಗಟ್ಟಿದ ತುಪ್ಪ 80 ಗ್ರಾಂ, ಬೇಕಿಂಗ್ ಪೌಡರ್ ಕಾಲು ಚಹಾ ಚಮಚ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು.

ತುಪ್ಪ, ಸಕ್ಕರೆಯನ್ನು ಬೆಳ್ಳಗೆ ಹಗುರಾಗುವವರೆಗೆ ಐದು ನಿಮಿಷ ಚೆನ್ನಾಗಿ ತಿಕ್ಕಿ. ಬೇಕರಿ ಬಿಸ್ಕತ್ತು ಬಾಯಲ್ಲಿ ಕರಗುವ ಗುಟ್ಟು ಇಲ್ಲಿದೆ. ತಿಕ್ಕುವಾಗ ತುಪ್ಪದೊಳಗೆ ಗಾಳಿ ಸೇರುತ್ತದೆ, ಆ ತುಪ್ಪ ಹಿಟ್ಟಿನ ಕಣಗಳನ್ನು ಸುತ್ತುವರಿದು ಜಿಗುಟು ಕಟ್ಟದಂತೆ ತಡೆಯುತ್ತದೆ. ಉಳಿದದ್ದನ್ನೆಲ್ಲ ಜರಡಿ ಹಿಡಿದು ಸೇರಿಸಿ, ಹಗುರ ಕೈಯಲ್ಲಿ ಒಂದುಗೂಡಿಸಿ. ನೀರು, ಹಾಲು, ಮೊಸರು ಯಾವುದೂ ಬೇಡ. ಹಿಟ್ಟು ಒಂದಾಗದೆ ಉದುರಿದರೆ ಒಂದು ಚಹಾ ಚಮಚ ತುಪ್ಪ ಹಾಕಿ. ನಿಂಬೆ ಗಾತ್ರದ ಉಂಡೆಗಳನ್ನು ಸ್ವಲ್ಪ ಒತ್ತಿ, ನಡುವೆ ಅಂತರವಿಟ್ಟು, 170 ಡಿಗ್ರಿಯಲ್ಲಿ 15 ರಿಂದ 18 ನಿಮಿಷ ಬೇಯಿಸಿ. ಹೊರತೆಗೆದಾಗ ಮೆತ್ತಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ, ಆರಿದ ಮೇಲೆ ಗರಿಯಾಗುತ್ತದೆ.

ನೀರು ಸೇರದ ಕಾರಣ ಹಿಟ್ಟಿನ ಕಾಲಮರ್ಯಾದೆಯನ್ನೇ ಇದಕ್ಕೂ ಲೆಕ್ಕ ಹಿಡಿಯುವ ವಾಡಿಕೆ ಇದೆ. ಪ್ರಯಾಣಕ್ಕೆ, ತೀರ್ಥಯಾತ್ರೆಗೆ ಕಟ್ಟಿಕೊಡಲು ಇದು ಅನುಕೂಲ.

4. ಖಾರ ಬಿಸ್ಕತ್ತು

ಬೇಕಾಗುವುದು: ಮೈದಾ 150 ಗ್ರಾಂ, ತುಪ್ಪ 60 ಗ್ರಾಂ, ಪುಡಿ ಸಕ್ಕರೆ 1 ದೊಡ್ಡ ಚಮಚ, ಉಪ್ಪು ಅರ್ಧ ಚಹಾ ಚಮಚ, ಬೇಕಿಂಗ್ ಪೌಡರ್ ಅರ್ಧ ಚಹಾ ಚಮಚ, ಮೊಸರು 2 ದೊಡ್ಡ ಚಮಚ, ಹಸಿಮೆಣಸಿನಕಾಯಿ 2, ಕರಿಬೇವು, ಜೀರಿಗೆ.

ಬೇಕರಿಯಲ್ಲಿ ಇದಕ್ಕೆ ಈರುಳ್ಳಿ ಅಥವಾ ಹಸಿ ಶುಂಠಿ ಸೇರುವುದುಂಟು. ಅವಿಲ್ಲದೆಯೂ ಕರಿಬೇವು, ಜೀರಿಗೆಯ ಘಮ ಸಾಕಷ್ಟಿರುತ್ತದೆ. ತುಪ್ಪ, ಸಕ್ಕರೆಯನ್ನು ತಿಕ್ಕಿ, ಹಿಟ್ಟು ಮತ್ತು ಸಣ್ಣಗೆ ಹೆಚ್ಚಿದ ಸೊಪ್ಪು, ಮೆಣಸಿನಕಾಯಿ ಬೆರೆಸಿ, ಮೊಸರಿನಿಂದ ಒಂದುಗೂಡಿಸಿ. ಕಾಲು ಅಂಗುಲ ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಿಂದ ಬಿಲ್ಲೆ ಕತ್ತರಿಸಿ, 170 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ಬಿಡುವವರು ಅಂದು ಕಾಳುಮೆಣಸು, ಜೀರಿಗೆ, ಓಮ ಮಾತ್ರ ಹಾಕಿಕೊಳ್ಳಬಹುದು. ಮೊಸರಿನ ತೇವ ಇರುವುದರಿಂದ ಇದನ್ನು ಅದೇ ದಿನ ಮುಗಿಸುವುದು ಒಳ್ಳೆಯದು.

ಕೆಟ್ಟರೆ ಕಾರಣ ಏನು?

ಬ್ರೆಡ್ ಉಬ್ಬಲಿಲ್ಲವೆಂದರೆ ಕಲಸಿದ ಹಿಟ್ಟು ಹೊರಗೆ ಕಾದಿದೆ, ಇಲ್ಲವೆ ಸೋಡಾ ಹಳೆಯದು. ಚಿಟಿಕೆ ಸೋಡಾಕ್ಕೆ ನಿಂಬೆ ರಸ ಬಿಟ್ಟು ನೋಡಿ, ಬುಸ್ ಎಂದು ನೊರೆ ಬರಬೇಕು. ಅಲ್ಲಲ್ಲಿ ಹಳದಿ ಕಲೆ ಇದ್ದರೆ ಸೋಡಾ ಸರಿಯಾಗಿ ಬೆರೆತಿಲ್ಲ. ಬಿಸ್ಕತ್ತು ಟ್ರೇಯಲ್ಲಿ ಹರಡಿ ಒಂದಕ್ಕೊಂದು ಅಂಟಿದರೆ ತುಪ್ಪ ಕರಗಿತ್ತು. ಉಂಡೆ ಮಾಡಿದ ಮೇಲೆ ಹತ್ತು ನಿಮಿಷ ತಂಪಿನಲ್ಲಿಟ್ಟು ಬೇಯಿಸಿ. ಮೈಕ್ರೋವೇವ್ ಬಳಸುವವರು ಕನ್ವೆಕ್ಷನ್ ಕ್ರಮದಲ್ಲೇ ಇಡಬೇಕು. ಬರೀ ಮೈಕ್ರೋವೇವ್‌ನಲ್ಲಿ ಹೊರಪದರ ಗರಿಯಾಗುವುದಿಲ್ಲ.

ಹೊತ್ತಿನ ಲೆಕ್ಕ

ಸಂಜೆಯ ಊಟಕ್ಕೆ ಬ್ರೆಡ್ ಮಾಡುವುದಾದರೆ ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿಕೊಳ್ಳಿ. ಕಲಸಲು 10 ನಿಮಿಷ, ಬೇಯಲು 35, ಆರಲು 30. ನಾಲ್ಕೂವರೆಗೆ ಆರಂಭಿಸಿದರೆ ಆರು ಗಂಟೆಯೊಳಗೆ ಎಲ್ಲರ ತಟ್ಟೆಗೆ ಬರುತ್ತದೆ. ಉಳಿಸಿ ಮರುದಿನಕ್ಕೆ ಇಡುವ ಪ್ರಮೇಯ ಬಾರದಂತೆ ಮನೆಯ ಜನರಿಗೆ ತಕ್ಕಷ್ಟೇ ಮಾಡಿ.

ಮುನಿಗಳ ಆಹಾರಕ್ಕೂ ವ್ರತಿಕರ ಅಡುಗೆಗೂ ಈ ತಿಂಡಿಗಳು ಅಲ್ಲ. ಇವು ಗೃಹಸ್ಥರ ಮನೆಯ ದಿನನಿತ್ಯದ ತಿಂಡಿಗಳು. ಅಂಗಡಿಯ ಸೋಡಾ, ಬೇಕಿಂಗ್ ಪೌಡರ್ ಕೂಡ ಬೇಡವೆನ್ನುವ ಹಿರಿಯರು ಮನೆಯಲ್ಲಿದ್ದರೆ, ನಾನ್ ಖಟಾಯಿಯನ್ನು ಬೇಕಿಂಗ್ ಪೌಡರ್ ಇಲ್ಲದೆ, ಮನೆಯಲ್ಲಿ ಬೀಸಿದ ಹಿಟ್ಟಿನಿಂದಲೇ ಮಾಡಿ. ಬಿರುಕು ಕಡಿಮೆ ಬರುತ್ತದೆ, ತುಪ್ಪವನ್ನು ಚೆನ್ನಾಗಿ ತಿಕ್ಕಿದ್ದರೆ ಅದೂ ಬಾಯಲ್ಲಿ ಕರಗುತ್ತದೆ. ಆಗ ಅಜ್ಜಿಗೂ ಮೊಮ್ಮಗುವಿಗೂ ಒಂದೇ ಡಬ್ಬಿಯಿಂದ ಕೊಡಬಹುದು.